ಪಶ್ಚಿಮಕ್ಕೆ ಮುಖ ಮಾಡಿದ ಸಾಲು

ಬೆಟಗೇರಿಯ ದೇವಪ್ಪ ಸಾವಕಾರರ ಅರಳೆ ಗಿರಣಿ, ಧಾರವಾಡದಿಂದ ಗದಗ ಬೇರೆ ಜಿಲ್ಲೆಯಾದ ಮರುವರ್ಷವೇ ಬಾಗಿಲು ಹಾಕಿತ್ತು. ಆದರೆ ಊರಿನವರ ಬಾಯಿಗೆ ಬಾಗಿಲು ಹಾಕುವವರು ಯಾರು? ಅವರಿಗೆ ಅದು ಇಂದಿಗೂ ಗಿರಣಿಯೇ. ದಪ್ಪ ಕಲ್ಲುಗೋಡೆಯ ಆ ದೊಡ್ಡ ಕೋಣೆಯಲ್ಲಿ ಈಗ ಹುಡುಕಿದರೂ ಅರಳೆಯ ಒಂದು ಎಳೆ ಸಿಗುವುದಿಲ್ಲ. ಅಲ್ಲಿ ಆಳೆತ್ತರದ ಕಪ್ಪು ಕಪಾಟುಗಳು ನಾಲ್ಕು ಸಾಲಾಗಿ ನಿಂತಿವೆ. ಪ್ರತಿ ಕಪಾಟಿನಲ್ಲೂ ಕಂಪ್ಯೂಟರುಗಳು ಒಂದರ ಮೇಲೊಂದು ಕೂತು ಗುಂಯ್‌ಗುಡುತ್ತವೆ. ಬೋರ್ಡಿನ ಮೇಲೆ ‘ಡೇಟಾ ಸೆಂಟರ್’ ಎಂದು ಬರೆಸಿದ್ದಾರೆ. ಆ ಬೋರ್ಡು ಓದುವವರು ಟಪಾಲಿನವನೊಬ್ಬನೇ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಇಪ್ಪತ್ತೆರಡು ದವಾಖಾನೆಗಳು ಸೇರಿ ಕಟ್ಟಿಕೊಂಡ ಒಕ್ಕೂಟದ ಕಾಗದಪತ್ರವೆಲ್ಲ ಈ ಕಪಾಟುಗಳಲ್ಲಿತ್ತು. ಹಮ್ಮಿಗಿಯ ಮುದುಕಿಯೊಬ್ಬಳ ಎದೆಯ ಎಕ್ಸ್‌ರೇಯನ್ನು ಮುಂಡರಗಿಯಲ್ಲಿ ತೆಗೆದರೆ, ಗದುಗಿನ ಡಾಕ್ಟರು ಅದನ್ನು ನೋಡುವುದು ಇಲ್ಲಿಂದ. ಆ ಒಕ್ಕೂಟವೊಂದೇ ಗಿರಣಿಯ ದೊಡ್ಡ ಗಿರಾಕಿ. ಅದು ಕೈ ಬಿಟ್ಟರೆ ಗಿರಣಿ ಎರಡನೇ ಸಲ ಬಾಗಿಲು ಹಾಕಬೇಕಾಗುತ್ತಿತ್ತು.

ಈ ಕಂಪ್ಯೂಟರುಗಳದು ಒಂದು ವಿಚಿತ್ರ ಜಾತಿ. ಕೂತಲ್ಲೇ ಕೂತು ಕೆಲಸ ಮಾಡಿದರೂ ಮೈ ಕಾಯುತ್ತದೆ. ಮುಖದಿಂದ ತಂಪು ಗಾಳಿ ಎಳೆದುಕೊಂಡು ಬೆನ್ನಿನಿಂದ ಬಿಸಿ ಗಾಳಿ ಬಿಡುತ್ತವೆ. ತಂಪು ಸಾಲದಿದ್ದರೆ ಸಿಟ್ಟು ಮಾಡಿ ಕೆಲಸ ನಿಲ್ಲಿಸಿಬಿಡುತ್ತವೆ. ಅವುಗಳ ಮೈ ತಂಪಾಗಿ ಇಡುವುದೇ ಗುಲ್ನಾಜಳ ನೌಕರಿ. ಲಕ್ಷ್ಮೇಶ್ವರದಲ್ಲಿ ಟ್ರಂಕು ಮಾಡುವ ಇಸ್ಮಾಯಿಲಸಾಬರ ಮಗಳು ಅವಳು. ಡಿಪ್ಲೊಮಾ ಮುಗಿಸಿ ಮೂರು ವರ್ಷದಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ಗದಗ ಜಿಲ್ಲೆಯಲ್ಲೇ ಇಂಥ ಕೆಲಸ ಇನ್ನೊಂದಿರಲಿಲ್ಲ. ಅವಳಿಗೆ ಆ ಕೆಲಸವೆಂದರೆ ಪ್ರಾಣ.

ಅವಳು ಬರುವುದಕ್ಕೆ ಮೊದಲೇ ಕಪಾಟುಗಳು ನಿಂತಾಗಿತ್ತು. ನಿಲ್ಲಿಸಿದವರು ಸ್ವತಃ ಸಾವಕಾರರು. ಅವರ ತಂದೆ ಗಿರಣಿಯ ಯಂತ್ರಗಳನ್ನೆಲ್ಲ ಪೂರ್ವಕ್ಕೆ ಮುಖ ಮಾಡಿಯೇ ಕೂಡಿಸಿದ್ದರು. ಹಾಗಾಗಿ ಈ ನಾಲ್ಕೂ ಸಾಲುಗಳೂ ಶಾಲೆಯಲ್ಲಿ ಮಾಸ್ತರರ ಕಡೆ ನೋಡಿ ಕೂತ ಮಕ್ಕಳಂತೆ ಪೂರ್ವಕ್ಕೇ ಮುಖ ಮಾಡಿದವು. ಜೋಡಿಸಲು ಬಂದಿದ್ದ ಹುಬ್ಬಳ್ಳಿಯ ಹುಡುಗರು ಏನೋ ಹೇಳಲು ಬಾಯಿ ತೆರೆದರಂತೆ. ತೆರೆದ ಬಾಯಿಗೆ ಸಾವಕಾರರು ಪೇಢೆ ಇಟ್ಟರಂತೆ. ಅಲ್ಲಿಗೆ ಆ ಮಾತು ಮುಗಿಯಿತು.

ಗುಲ್ನಾಜ ಬಂದ ಮೂರನೆಯ ವರ್ಷ ಯುಗಾದಿ ಕಳೆದು ಬಿಸಿಲು ಏರಿದಂತೆ ಕಡೆಯ ಸಾಲಿನ ಕಂಪ್ಯೂಟರುಗಳು ದಿನಕ್ಕೊಂದರಂತೆ ಮುನಿಸಿಕೊಳ್ಳತೊಡಗಿದವು. ಗುಲ್ನಾಜ ಏಸಿಯನ್ನು ಇಪ್ಪತ್ತಕ್ಕೆ ಇಳಿಸಿದಳು, ಹದಿನೆಂಟಕ್ಕೆ ಇಳಿಸಿದಳು, ಹದಿನಾರಕ್ಕೆ ತಂದು ನಿಲ್ಲಿಸಿದಳು. ನಾಲ್ಕು ಏಸಿಗಳೂ ಬಿಡುವಿಲ್ಲದೆ ದುಡಿದವು. ಅವುಗಳ ಬಿಸಿ ಇಳಿಸಲು ಛಾವಣಿಯ ಮೇಲೆ ಹಗಲೆಲ್ಲ ನೀರು ಹರಿಯಬೇಕಿತ್ತು. ಬೋರಿನ ನೀರು ಸಾಲದೆ ಟ್ಯಾಂಕರು ಬರತೊಡಗಿತು. ಗಿರಣಿಯ ಹೊರಗೋಡೆಗೆ ಓಣಿಯವರಿಗಾಗಿ ಹಾಕಿಸಿದ್ದ ಹಳೆಯ ನಳ ಒಣಗಿತು. ಕೊಡ ಹಿಡಿದು ಬಂದ ಹೆಂಗಸರು ನಳವನ್ನೂ ಗಿರಣಿಯನ್ನೂ ಒಟ್ಟಿಗೇ ಬೈದು ಹೋಗುತ್ತಿದ್ದರು. ಗುಲ್ನಾಜ ತಲೆ ತಗ್ಗಿಸಿ ಒಳಗೆ ಬಂದು, ಕಡೆಯ ಸಾಲಿನ ಮುಂದೆ ಎರಡು ಟೇಬಲ್ ಫ್ಯಾನು ಇಟ್ಟು, ಆಸ್ಪತ್ರೆಯಲ್ಲಿ ರೋಗಿಗೆ ಗಾಳಿ ಹಾಕುವವರ ಹಾಗೆ ಕಾಯುತ್ತಿದ್ದಳು.

ಏಪ್ರಿಲ್ ಕೊನೆಗೆ ಒಕ್ಕೂಟದ ಪತ್ರ ಬಂತು. ಮರ್ಯಾದೆಯ ಭಾಷೆಯಲ್ಲಿ ಬರೆದಿದ್ದರೂ ಅರ್ಥ ಖಡಕ್ಕಾಗಿಯೇ ಇತ್ತು. ಗಿರಣಿ ಸುಡುವ ಕರೆಂಟು ಮೂರರಲ್ಲಿ ಒಂದು ಪಾಲು ಇಳಿಯಬೇಕು. ಟ್ಯಾಂಕರ್ ನೀರು ಪೂರ್ತಿ ನಿಲ್ಲಬೇಕು. ರೋಗಿಗಳನ್ನು ಉಳಿಸುವ ಕೆಲಸಕ್ಕಾಗಿ ಊರಿನ ನೀರು, ಬೆಳಕು ಕುಡಿಯುವುದು ಒಕ್ಕೂಟಕ್ಕೆ ಒಪ್ಪಿಗೆಯಿಲ್ಲ. ಮೇ ತಿಂಗಳೊಳಗೆ ಇದು ಆಗದಿದ್ದರೆ ಕಾಗದಪತ್ರವನ್ನೆಲ್ಲ ಬೇರೆ ಊರಿಗೆ ಒಯ್ಯಲಾಗುವುದು.

ಪತ್ರ ಓದಿ ಗುಲ್ನಾಜ ಏಸಿ ರಿಪೇರಿಯವನಿಗೆ ಫೋನು ಮಾಡಿದಳು. ಹುಬ್ಬಳ್ಳಿಯಿಂದ ಬಂದ ಏಸಿಯವನು ನಾಲ್ಕೂ ಯಂತ್ರ ಬಿಚ್ಚಿ ನೋಡಿ, ಎಲ್ಲ ಸರಿಯಿದೆ, ಐದನೆಯದು ತಗೊಳ್ಳಿ ಎಂದು ಹೇಳಿ ಹೋದ. ಕರೆಂಟು ಇಳಿಸು ಎಂದರೆ ಇನ್ನೊಂದು ಏಸಿ ಹಚ್ಚು ಎನ್ನುವವನಿಗೆ ಏನು ಹೇಳುವುದು? ಹನ್ನೆರಡು ಜನರ ಅನ್ನ ಈ ಗಿರಣಿಯಲ್ಲಿತ್ತು. ತಂಪು ಇಡುವುದು ಅವಳ ಕೆಲಸವಾದ್ದರಿಂದ, ಗಿರಣಿ ಮುಚ್ಚಿದರೆ ಉಳಿದ ಹನ್ನೊಂದು ಮಂದಿಯ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ.

ಆ ಹನ್ನೊಂದು ಮಂದಿಯಲ್ಲಿ ಬಸವಣ್ಣೆವ್ವನೂ ಒಬ್ಬಳು. ಅರವತ್ತರ ಹತ್ತಿರದವಳು. ಬಿಂಕದಕಟ್ಟಿಯಿಂದ ಟಂಟಂ ಹತ್ತಿ ಬಂದು ಕಸ ಗುಡಿಸಿ ನೆಲ ಒರೆಸಿ ಹೋಗುವವಳು. ಲಗ್ನದ ದಿನಗಳಲ್ಲಿ ಊಟ ಬಡಿಸಲು ಅವಳನ್ನು ಸುತ್ತಲ ಹತ್ತು ಹಳ್ಳಿಯವರು ಕರೆಯುತ್ತಿದ್ದರು. ಐದುನೂರು ಜನರ ಪಂಗತಿಯಿದ್ದರೂ ಒಂದು ಎಲೆಗೂ ಉಪ್ಪು ತಪ್ಪಿಸದ ಕೈ ಅದು. ಪತ್ರ ಬಂದ ಮೂರನೆಯ ದಿನ, ಟೇಬಲ್ ಫ್ಯಾನಿನ ಮುಂದೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದ ಗುಲ್ನಾಜಳ ಎದುರಿಗೆ ಆಕೆ ಒರೆಸುವ ಕೋಲು ಊರಿ ನಿಂತಳು.

“ಯವ್ವಾ, ಒಂದ್ ಮಾತ ಕೇಳ್ಲೇನು? ಈ ಮಷಿನ್ನಿನ್ಯಾಗ ಮದಲನೇ ಸಾಲಿನ್ಯಾವು ಶ್ರೀಮಂತರು, ಕಡೀ ಸಾಲಿನ್ಯಾವು ಬಡವರು ಅಂತ ಏನರೆ ಐತೇನು?”

“ಯಾಕ್ರಿ ಹಂಗ ಕೇಳ್ತೀರಿ?”

“ಮತ್ತ, ಮದಲನೇ ಸಾಲಿನ ಮುಂದ ನೆಲಾ ಒರಸೂವಾಗ ಚಳಿ ಬಂದು ಸೆರಗು ಹೊದ್ಕೋತೀನಿ. ಎರಡನೇದಕ್ಕ ಬಂದಾಗ ಸೆರಗು ತಗೀತೀನಿ. ಕಡೀ ಸಾಲಿಗೆ ಬರೂದ್ರಾಗ ಕುತ್ತಿಗಿ ಮ್ಯಾಲೆ ಬೆವರು. ಇವತ್ತಿಂದಲ್ಲ, ಮೂರು ವರ್ಸದಿಂದ ಹಿಂಗಽ ಐತಿ.”

“ಮೂರು ವರ್ಷದಿಂದ? ನನಗ್ಯಾಕ ಹೇಳ್ಲಿಲ್ರಿ?”

“ನೀ ಕೇಳ್ಲಿಲ್ಲಲ್ವಾ” ಎಂದಳು ಬಸವಣ್ಣೆವ್ವ, ಸಿಟ್ಟೇನೂ ಇಲ್ಲದೆ.

ಗುಲ್ನಾಜಳಿಗೆ ಕೆನ್ನೆಗೆ ಹೊಡೆದಂತಾಯಿತು. ಕೋಣೆಯ ಉಷ್ಣತೆ ತೋರಿಸುವ ಮೀಟರು ಬಾಗಿಲ ಬಳಿ, ಮೊದಲನೇ ಸಾಲಿನ ಎದುರಿಗೆ ನೇತಾಡುತ್ತಿತ್ತು. ಮೂರು ವರ್ಷ ಅವಳು ನೋಡಿದ್ದು ಅದೊಂದನ್ನೇ. ಈಗ ಅದನ್ನು ಮೊಳೆಯಿಂದ ಕಿತ್ತು ಕೈಯಲ್ಲಿ ಹಿಡಿದು ಸಾಲಿನಿಂದ ಸಾಲಿಗೆ ನಡೆದಳು. ಮೊದಲನೇ ಸಾಲಿನ ಮುಂದೆ ಹದಿನೇಳು. ಎರಡನೆಯದರ ಮುಂದೆ ಇಪ್ಪತ್ತಾರು. ನಾಲ್ಕನೆಯದರ ಮುಂದೆ ಮೂವತ್ತಾರು. ಒಂದೇ ಕೋಣೆಯಲ್ಲಿ ಚಳಿಗಾಲವೂ ಇತ್ತು, ಬೇಸಿಗೆಯೂ ಇತ್ತು. ಮೊದಲ ಸಾಲು ಬೆನ್ನಿನಿಂದ ಬಿಟ್ಟ ಬಿಸಿ ಉಸಿರನ್ನೇ ಎರಡನೆಯದು ಮುಖದಿಂದ ಎಳೆದುಕೊಳ್ಳುತ್ತಿತ್ತು. ಎರಡನೆಯದು ಬಿಟ್ಟದ್ದು ಮೂರನೆಯದರ ಪಾಲಿಗೆ, ಮೂರನೆಯದು ಬಿಟ್ಟದ್ದು ನಾಲ್ಕನೆಯದರ ಪಾಲಿಗೆ. ಏಸಿ ಎಷ್ಟು ತಂಪು ಸುರಿದರೂ ಕಡೆಯ ಸಾಲಿಗೆ ಸಿಗುತ್ತಿದ್ದುದು ಮೂರು ಸಾಲಿನವರ ಎಂಜಲು ಗಾಳಿ.

ಉಪಾಯ ಸರಳವಾಗಿಯೇ ಇತ್ತು. ಒಂದನೇ ಸಾಲನ್ನೂ ಮೂರನೇ ಸಾಲನ್ನೂ ಹಿಂದುಮುಂದಾಗಿ ತಿರುಗಿಸಿದರೆ ಸಾಲುಗಳು ಎದುರುಬದರಾಗುತ್ತವೆ. ಮುಖಗಳ ನಡುವಿನ ಓಣಿಗೆ ತಂಪು ಬಿಡುವುದು, ಬೆನ್ನುಗಳ ಹಿಂದಿನ ಬಿಸಿಯನ್ನು ಬೇರೆ ದಾರಿಯಿಂದ ಏಸಿಗೆ ಒಯ್ಯುವುದು. ದೊಡ್ಡ ಊರುಗಳಲ್ಲಿ ಹೀಗೇ ಮಾಡುತ್ತಾರೆಂದು ಅವಳು ಪುಸ್ತಕದಲ್ಲಿ ಓದಿಯೂ ಇದ್ದಳು. ಪುಸ್ತಕದ ಆ ಪುಟ ಈ ಕೋಣೆಗೂ ಸಂಬಂಧಿಸಿದ್ದೆಂದು ಹೊಳೆದಿರಲಿಲ್ಲ, ಅಷ್ಟೇ. ಆದರೆ ತಿರುಗಿದ ಸಾಲುಗಳು ಪಶ್ಚಿಮಕ್ಕೆ ಮುಖ ಮಾಡುತ್ತಿದ್ದವು. ಆ ಮಾತನ್ನು ಸಾವಕಾರರಿಗೆ ಯಾರು ಹೇಳಬೇಕು? ಪೂಜೆ ಮಾಡಿ ನಿಲ್ಲಿಸಿದ ಯಂತ್ರವನ್ನು ತಿರುಗಿಸಿ ಎಂದು ಸಾಬರ ಹುಡುಗಿಯೊಬ್ಬಳು ಹೇಳಿದರೆ ಹೇಗಾದೀತು ಎಂದು ಎರಡು ದಿನ ಒಳಗೊಳಗೇ ಬೆಂದಳು. ಮೂರನೆಯ ದಿನ ಹೇಳಿಯೇಬಿಟ್ಟಳು.

ದೇವಪ್ಪ ಸಾವಕಾರರು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಎಪ್ಪತ್ತೈದರ ಆ ಹಿರಿಯರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು.

“ನೋಡವಾ ತಂಗಿ, ನೀ ಹೇಳಿದ್ದು ಖರೆ ಇರಬಹುದು. ಆದ್ರ ನಮ್ಮಪ್ಪ ಸಾಯೂಮುಂದ ಒಂದಽ ಮಾತ ಹೇಳಿದ್ದ. ಮಷಿನ್ ಮುಖ ಪೂರ್ವದಿಂದ ಸರಸಬ್ಯಾಡ ಅಂತ. ನಾ ಕೇಳ್ಲಿಲ್ಲ. ತೊಂಬತ್ತೇಳರಾಗ ಹೊಸಾ ಮಷಿನ್ ತಂದು ಉತ್ತರಕ್ಕ ಕುಂದ್ರಸಿದೆ. ಮುಂದಿನ ವರ್ಸ ಗಿರಣಿ ನಿಂತ್ತು. ಎಂಬತ್ತು ಮಂದಿ ಹಮಾಲರನ್ನ ಈ ಬಾಗಲದಾಗ ನಿಂತು ಮನಿಗೆ ಕಳಿಸೀನಿ. ಇನ್ನೊಮ್ಮೆ ಅಂಥಾದ್ದು ನನ್ನ ಕೈಲೆ ಆಗೂದಿಲ್ಲ.”

ಗುಲ್ನಾಜ, ಗಿರಣಿ ನಿಂತದ್ದು ದಿಕ್ಕಿನಿಂದಲ್ಲ ಎಂದು ಹೇಳಬಹುದಿತ್ತು. ಆದರೆ ಆ ಮುದುಕರು ಇಪ್ಪತ್ತು ವರ್ಷ ಹೊತ್ತುಕೊಂಡು ಬಂದದ್ದನ್ನು ಒಂದು ಮಾತಿನಲ್ಲಿ ಇಳಿಸಲು ತಾನು ಯಾರು? ಹೊರಗೆ ಬಂದು ಒಣಗಿದ ನಳದ ಕಟ್ಟೆಯ ಮೇಲೆ ಕೂತಳು. ಕಣ್ಣು ತುಂಬಿ ಬಂತು. ಟಂಟಂ ಕಾಯುತ್ತಿದ್ದ ಬಸವಣ್ಣೆವ್ವ ಪಕ್ಕಕ್ಕೆ ಬಂದು ಕೂತು, ನಡೆದದ್ದನ್ನೆಲ್ಲ ಕೇಳಿದಳು. ಬಿಸಿ ಗಾಳಿ, ತಂಪು ಗಾಳಿ, ಮುಖ, ಬೆನ್ನು ಎಲ್ಲವನ್ನೂ ಗುಲ್ನಾಜ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು.

ಬಸವಣ್ಣೆವ್ವ ಗೆರೆಗಳನ್ನು ನೋಡಿ ನಕ್ಕೇಬಿಟ್ಟಳು. “ಇಷ್ಟಽ ಏನು? ಇದು ಪಂಗ್ತಿ ಅಲ್ಲೇನು? ಒಬ್ಬರ ಬೆನ್ನು ಇನ್ನೊಬ್ಬರ ಎಲಿಗೆ ತಾಗೂ ಹಂಗ ಯಾರರೆ ಉಣ್ಣಾಕ ಕುಂದ್ರಸ್ತಾರೇನು? ಎದುರಾಬದರಾ ಕುಂದ್ರಸಬೇಕು, ನಡುವ ಬಡಸಬೇಕು. ಏಳು, ಬಾ.”

“ಎಲ್ಲಿಗ್ರಿ?”

“ಸಾವ್ಕಾರ್ರ ಕಡೆ. ನನಗೇನು ನೌಕರಿ ಭಯಾ ಐತೇನು? ಬಡಸೂ ಕೈ ಎಲ್ಲಿ ಹೋದ್ರೂ ಬಡಸತೈತಿ.”

ಸಾವಕಾರರು ಆಗಲೂ ಕನ್ನಡಕ ಒರೆಸುತ್ತಲೇ ಇದ್ದರು. ಬಸವಣ್ಣೆವ್ವ ಬಾಗಿಲ ಚೌಕಟ್ಟಿಗೆ ಒರಗಿ ನೆಲಕ್ಕೆ ಕೂತಳು. ಕಂಪ್ಯೂಟರಿನ ಮಾತನ್ನು ಆಕೆ ಎತ್ತಲೇ ಇಲ್ಲ.

“ಧಣ್ಯಾರ, ನಿಮ್ಮಪ್ಪಾರು ದೊಡ್ಡ ಧಣ್ಯಾರು ಇದ್ದಾಗ ಆಯುಧಪೂಜಿ ದಿನಾ ಈ ಅಂಗಳದಾಗ ಹಮಾಲರಿಗೆಲ್ಲಾ ಊಟಾ ಹಾಕತಿದ್ರು. ನೆನಪೈತಿಲ್ರಿ?”

“ಅದನ್ನ ಮರಿಯಾಕ ಆಗತೈತೇನು? ಗೋದಿ ಹುಗ್ಗಿ, ಬದ್ನಿಕಾಯಿ ಪಲ್ಯ.”

“ನಾ ನಮ್ಮವ್ವನ ಕೂಡ ಬಡಸಾಕ ಬರ್ತಿದ್ದೆ. ಎರಡು ಸಾಲು, ಎದುರಾಬದರಾ. ದೊಡ್ಡ ಧಣ್ಯಾರು ಅವರ ಕೂಡಽ ಉಣ್ಣಾಕ ಕುಂದರತಿದ್ರು. ಯಾವ ಕಡೆ ಮುಖಾ ಮಾಡಿ ಕುಂದರತಿದ್ರು, ಹೇಳ್ರಿ ನೋಡೂಣು.”

ಸಾವಕಾರರ ಕೈ ನಿಂತಿತು. ಕನ್ನಡಕವಿಲ್ಲದ ಕಣ್ಣುಗಳು ಅಂಗಳದ ಕಡೆ ತಿರುಗಿದವು. ಅಲ್ಲಿ ಯಾರೋ ಕೂತದ್ದನ್ನು ನೋಡುತ್ತಿರುವವರ ಹಾಗೆ ಸ್ವಲ್ಪ ಹೊತ್ತು ನೋಡಿದರು.

“ಪಶ್ಚಿಮಕ್ಕ,” ಎಂದರು ಮೆಲ್ಲಗೆ. “ಗ್ವಾಡಿಗೆ ಬೆನ್ನ ಹಚ್ಚಿ, ಪಶ್ಚಿಮಕ್ಕ ಮುಖಾ ಮಾಡಿ.”

“ಯಾಕಂತ ನಾನಽ ಒಮ್ಮೆ ಕೇಳಿದ್ದೆ, ಸಣ್ಣಾಕಿ ಇದ್ದೆ, ಬಾಯಿ ಜಾಸ್ತಿ. ಪೂರ್ವಕ್ಕ ಮುಖಾ ಮಾಡಿ ದುಡದವರು ಕುಂದ್ರಲಿ ಬಿಡವಾ ಅಂದಿದ್ರು. ಪಶ್ಚಿಮಕ್ಕ ಕುಂತ್ರು ಅಂತ ಅವರಿಗೆ ಪ್ರಸಾದ ಸಲ್ಲಲಿಲ್ಲೇನ್ರಿ? ಪಂಗ್ತ್ಯಾಗ ಅರ್ಧಾ ಮಂದಿ ಪಶ್ಚಿಮಕ್ಕಽ ಕುಂದ್ರಬೇಕು. ಎಲ್ಲಾರೂ ಪೂರ್ವಕ್ಕ ಕುಂದರತೀವಿ ಅಂದ್ರ ಬಡಸೂ ನಾವು ಎಲ್ಲಿ ಅಡ್ಡಾಡೂದು?”

ಸಾವಕಾರರು ಕನ್ನಡಕ ಏರಿಸಿಕೊಂಡರು. “ಗುಲ್ನಾಜ, ಎಷ್ಟ ಮಂದಿ ಹಮಾಲರು ಬೇಕು?” ಎಂದು ಕೇಳಿದರು. ಗುಲ್ನಾಜ ಬಾಯಿ ತೆರೆಯುವಷ್ಟರಲ್ಲಿ ಬಸವಣ್ಣೆವ್ವನೇ ನಾಲ್ಕು ಬೆರಳು ತೋರಿಸಿದಳು.

ಕೆಲಸ ಹನ್ನೊಂದು ದಿನ ಹಿಡಿಯಿತು. ದವಾಖಾನೆಗಳಿಗೆ ರಜೆ ಎಲ್ಲಿಯದು? ಒಂದೊಂದೇ ಕಪಾಟಿನ ಕೆಲಸವನ್ನು ಪಕ್ಕದ್ದಕ್ಕೆ ಹೊರಿಸಿ, ವಾಯರು ಬಿಚ್ಚಿ, ತಿರುಗಿಸಿ, ಮತ್ತೆ ಜೋಡಿಸಬೇಕಿತ್ತು. ಮಾರುಕಟ್ಟೆಯಲ್ಲಿ ಅರಳೆ ಅಂಡಿಗೆ ಹೊರುವ ನಾಲ್ಕು ಜನ ಹಮಾಲರು ಚಪ್ಪಲಿ ಹೊರಗೆ ಬಿಟ್ಟು ಬಂದು, ಮದುಮಗಳನ್ನು ಕೂಡಿಸುವಷ್ಟು ನಾಜೂಕಾಗಿ ಕಪಾಟುಗಳನ್ನು ತಿರುಗಿಸಿದರು. ಲಕ್ಷ್ಮೇಶ್ವರದಿಂದ ಇಸ್ಮಾಯಿಲಸಾಬರು ಕತ್ತರಿ, ಸುತ್ತಿಗೆ, ತಗಡಿನ ಸುರುಳಿ ಹೊತ್ತು ಬಂದರು. ಕಪಾಟುಗಳಲ್ಲಿ ಖಾಲಿ ಬಿದ್ದಿದ್ದ ಸಂದುಗಳಿಂದ ಬಿಸಿ ಗಾಳಿ ಮುಂದಕ್ಕೆ ನುಸುಳದಂತೆ ಒಂದೊಂದಕ್ಕೂ ಅಳತೆಯ ತಗಡು ಕತ್ತರಿಸಿ ಮುಚ್ಚಿದರು. ಬೆನ್ನುಗಳ ನಡುವಿನ ಬಿಸಿ ನೇರ ಏಸಿಗೆ ಹೋಗುವಂತೆ ಮೇಲೆ ತಗಡಿನ ಕೊಳವೆ ಕಟ್ಟಿದರು. ತಂಪು ಓಣಿಯ ಎರಡೂ ತುದಿಗೆ ದಪ್ಪ ಪ್ಲಾಸ್ಟಿಕ್ಕಿನ ಪರದೆ ಬಿತ್ತು. ನಲವತ್ತು ವರ್ಷ ಟ್ರಂಕು ಮಾಡಿದ ಕೈಯದು, ಒಂದು ಕೂದಲು ನುಸುಳುವಷ್ಟು ಸಂದು ಬಿಟ್ಟರೂ ಅವರಿಗೆ ಅವಮಾನ. ಮಗಳು ಹೇಳಿದಂತೆ ತಂದೆ ಕೆಲಸ ಮಾಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಹಿಂತಿರುಗುವಾಗ ಅಕ್ಕಪಕ್ಕದ ಸೀಟಿನ ಅಪರಿಚಿತರಿಗೆಲ್ಲ ಅವರು ಅದನ್ನೇ ಹೇಳಿಕೊಂಡರು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತ ಗುಲ್ನಾಜಳಿಗೆ ನಾಚಿಕೆಯೂ ಆಯಿತು, ಎದೆಯೂ ತುಂಬಿತು.

ಹನ್ನೆರಡನೆಯ ದಿನ ಮೀಟರು ಹಿಡಿದು ಸಾಲಿನಿಂದ ಸಾಲಿಗೆ ನಡೆದಳು. ಮೊದಲನೇ ಸಾಲಿನ ಮುಂದೆ ಹದಿನೇಳು. ನಾಲ್ಕನೆಯದರ ಮುಂದೆಯೂ ಹದಿನೇಳು. ಅವಳು ಏಸಿಯನ್ನು ಇಪ್ಪತ್ತಕ್ಕೆ ಏರಿಸಿದಳು. ಕಂಪ್ಯೂಟರುಗಳು ಸುಮ್ಮನಿದ್ದವು. ಇಪ್ಪತ್ತೆರಡು, ಇಪ್ಪತ್ತನಾಲ್ಕು. ಒಂದೂ ಮುನಿಸಿಕೊಳ್ಳಲಿಲ್ಲ. ಒಂದು ಏಸಿ ಆರಿಸಿದಳು. ಒಂದು ತಾಸು ಕಾದು ಇನ್ನೊಂದನ್ನೂ ಆರಿಸಿದಳು. ಅಷ್ಟರಲ್ಲಿ ನೆಲ ಒರೆಸುತ್ತ ಬಸವಣ್ಣೆವ್ವ ಬಂದಳು. ಸೆರಗು ಹೊದ್ದಿರಲಿಲ್ಲ, ಬೆವರೂ ಇರಲಿಲ್ಲ.

“ಈಗ ಎಲ್ಲಾರಿಗೂ ಒಂದಽ ಊಟಾ ಆತು ನೋಡು,” ಎಂದಳು.

ಮೇ ಮುಗಿಯುವ ಮೊದಲೇ ಕರೆಂಟಿನ ಮೀಟರಿನ ಲೆಕ್ಕ ಒಕ್ಕೂಟಕ್ಕೆ ಹೋಯಿತು. ಕೊನೆಯ ಹತ್ತು ದಿನದ ಕರೆಂಟು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಇಳಿದಿತ್ತು. ಟ್ಯಾಂಕರು ನಿಂತಿತ್ತು. ಛಾವಣಿಗೆ ಬೇಕಾದ ನೀರು ಅರ್ಧವಾದ್ದರಿಂದ ಹೊರಗಿನ ನಳದಲ್ಲಿ ಬೆಳಗಿನ ಹೊತ್ತು ಮತ್ತೆ ನೀರು ಬಂತು. ಬೈಯುತ್ತಿದ್ದ ಹೆಂಗಸರು ಈಗ ಗುಲ್ನಾಜಳನ್ನು ನಿಲ್ಲಿಸಿ ಊಟ ಆಯಿತೇ ಎಂದು ಕೇಳತೊಡಗಿದರು. ಜೂನ್ ಮೊದಲ ವಾರ ಒಕ್ಕೂಟದ ಉತ್ತರ ಬಂತು. ಕಾಗದಪತ್ರ ಎಲ್ಲಿಯೂ ಹೋಗುವುದಿಲ್ಲ, ಇನ್ನೂ ಐದು ವರ್ಷ ಇಲ್ಲೇ.

ಆಯುಧಪೂಜೆಗೆ ನಾಲ್ಕು ತಿಂಗಳಿತ್ತು. ಸಾವಕಾರರಿಗೆ ಅಷ್ಟು ದಿನ ಕಾಯುವ ತಾಳ್ಮೆ ಇರಲಿಲ್ಲ. ಗಿರಣಿ ನಿಂತ ಮೇಲೆ ನಿಂತೇಹೋಗಿದ್ದ ಊಟವನ್ನು ಮುಂದಿನ ಭಾನುವಾರವೇ ಇಟ್ಟುಕೊಂಡರು. ಅಂಗಳದಲ್ಲಿ ಚಾಪೆ ಹಾಸಿ, ಎಲೆ ಹಾಕಿ, ಎರಡು ಸಾಲು ಎದುರುಬದರಾಯಿತು. ಗಿರಣಿಯ ಹನ್ನೆರಡು ಮಂದಿ, ನಾಲ್ಕು ಜನ ಹಮಾಲರು, ಇಸ್ಮಾಯಿಲಸಾಬರು, ಓಣಿಯ ಒಂದಿಷ್ಟು ಜನ. ಬಸವಣ್ಣೆವ್ವ ಯಾರೂ ಹೇಳದೆಯೇ ಸೆರಗು ನಡುವಿಗೆ ಸಿಗಿಸಿ ಹುಗ್ಗಿಯ ಬಕೆಟ್ಟು ಎತ್ತಿಕೊಂಡಿದ್ದಳು. ಪಂಗತಿ ಎಂದರೆ ಅವಳ ಕೈ ತಾನಾಗಿ ಬಕೆಟ್ಟಿಗೆ ಹೋಗುತ್ತಿತ್ತು.

“ಬಸವಣ್ಣೆವ್ವ, ಬಕೇಟ್ ಇಳಸು,” ಎಂದರು ಸಾವಕಾರರು. ಅವರು ಆಗಲೇ ಗೋಡೆಗೆ ಬೆನ್ನು ಹಚ್ಚಿ, ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರು. ಎದುರಿನ ಎಲೆಯೊಂದು ಖಾಲಿಯಿತ್ತು. ಅದರ ಕಡೆ ಕೈ ತೋರಿಸಿದರು. “ದುಡದವರು ಪೂರ್ವಕ್ಕ ಕುಂದ್ರಬೇಕು.”

“ಅಯ್ಯ ಧಣ್ಯಾರ, ಬಡಸೂದು ಯಾರು?”

“ನಾ ಅದೀನಲ್ರಿ,” ಎಂದು ಗುಲ್ನಾಜ ಅವಳ ಕೈಯಿಂದ ಬಕೆಟ್ಟು ತೆಗೆದುಕೊಂಡಳು.

ಬಸವಣ್ಣೆವ್ವ ಕೂತಳು. ಎಲೆಯ ಮುಂದೆ ಹೇಗೆ ಕೂರಬೇಕೆಂಬುದೇ ಅವಳಿಗೆ ಮರೆತುಹೋದಂತಿತ್ತು. ಗುಲ್ನಾಜ ಹುಗ್ಗಿ ಬಡಿಸಿ, ಮೇಲೆ ತುಪ್ಪ ಬಿಟ್ಟಳು. ಮುಂದಿನ ಎಲೆಗೆ ಹೋಗಬೇಕಿತ್ತು, ಹೋಗಲಿಲ್ಲ. ಹೇಳಬೇಕೆಂದು ಒಂದು ತಿಂಗಳಿಂದ ಕಾದಿಟ್ಟುಕೊಂಡಿದ್ದ ಮಾತೊಂದಿತ್ತು. ನನ್ನ ಕೆಲಸ ಉಳಿಯಿತು, ಹನ್ನೆರಡು ಮನೆಯ ಒಲೆ ಉಳಿಯಿತು, ಅದು ನಿಮ್ಮಿಂದ.

“ಬಾಳ ಉಪಕಾರ ಆತ್ರಿ ನಿಮ್ಮಿಂದ,” ಎಂದಷ್ಟೇ ಹೇಳಿದಳು.

ಬಸವಣ್ಣೆವ್ವ ತುತ್ತು ಎತ್ತಿ ಬಾಯಿಗಿಟ್ಟವಳು ಥಟ್ಟನೆ ಹಾ ಎಂದು ಬಾಯಿ ತೆರೆದಳು. ಕಣ್ಣಲ್ಲಿ ನೀರು ಬಂದಿತ್ತು. ಗುಲ್ನಾಜ ಗಾಬರಿಯಾದಳು.

“ಏನಾತ್ರಿ?”

“ಏನಿಲ್ಲವಾ,” ಎಂದಳು ಬಸವಣ್ಣೆವ್ವ, ತುತ್ತನ್ನು ಬಾಯಲ್ಲೇ ಹೊರಳಿಸುತ್ತ, ಅಳುತ್ತಲೋ ನಗುತ್ತಲೋ. “ಐವತ್ತು ವರ್ಸ ಪಂಗ್ತಿ ಬಡಸೀನಿ. ಎಲ್ಲಾರೂ ಎದ್ದ ಮ್ಯಾಲೆ ತಳದಾಗಿಂದು ಉಂಡೀನಿ. ಹುಗ್ಗಿ ಇಷ್ಟ ಬಿಸಿ ಇರತೈತಿ ಅಂತ ನನಗ ಗೊತ್ತಽ ಇರಲಿಲ್ಲ.”

ಎದುರಿನ ಸಾಲಿನಲ್ಲಿ ದೇವಪ್ಪ ಸಾವಕಾರರು ತಮ್ಮ ಎಲೆಯ ಮೇಲೆ ಕೈಯಿಟ್ಟುಕೊಂಡು, ಆಕೆ ಎರಡನೇ ತುತ್ತು ಎತ್ತುವವರೆಗೂ ಕಾದರು.